ಓಜೋನ್ ಕಾಗದದ ಪ್ರಾಮಾಣ್ಯವಿಚಾರ

ಗಾಳಿಯ ಮಾಲಿನ್ಯವನ್ನು ಅಳೆಯಲು ಈಚೆಗೆ ಬಳಕೆಗೆ ಬಂದಿರುವ ಅಲ್ಪಮೌಲ್ಯದ ಸಂವೇದಕಗಳು ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹವೆಂಬ ಚರ್ಚೆ ಬಹುಕಡೆ ನಡೆಯುತ್ತಿದೆ. ಮೇಲುನೋಟಕ್ಕೆ ಇದು ಹೊಸ ಪ್ರಶ್ನೆಯೆಂದು ತೋರಬಹುದು. ಆದರೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಇದೇ ಪ್ರಶ್ನೆ ಒಂದು ತುಂಡು ಕಾಗದವನ್ನು ಕುರಿತು ಹುಟ್ಟಿತ್ತು. ಆ ಕಾಗದದ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಅಗ್ಗದ ಉಪಕರಣದ ಸಾಕ್ಷ್ಯವನ್ನು ಯಾವ ನಿಯಮಕ್ಕೆ ಒಳಪಡಿಸಿ ಅಂಗೀಕರಿಸಬಹುದೆಂದು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಕ್ರಿಸ್ಟಿಯನ್ ಫ್ರೀಡ್ರಿಖ್ ಷೋನ್‌ಬೈನನು ೧೮೩೯ರಲ್ಲಿ, ವಿದ್ಯುತ್ತಿನಿಂದ ನೀರನ್ನು ವಿಭಜಿಸುವಾಗ ಹೊರಡುವ ವಿಶಿಷ್ಟವಾದ ವಾಸನೆಯು ಒಂದು ಪ್ರತ್ಯೇಕ ವಸ್ತುವಿನದೆಂದು ಗುರುತಿಸಿದನು. ವಾಸನೆ ಬೀರುವುದೆಂಬ ಅರ್ಥದ ಗ್ರೀಕ್ ಧಾತುವಿನಿಂದ ಅದಕ್ಕೆ ಓಜೋನ್ ಎಂದು ಹೆಸರಿಟ್ಟನು. ಗಾಳಿಯಲ್ಲಿ ಅದರ ಇರವನ್ನು ತಿಳಿಯಲು ಅವನು ಕಂಡುಕೊಂಡ ಸಾಧನ ಅತಿ ಸರಳವಾದುದು. ಬಿಳಿಯ ಕಾಗದವನ್ನು ಗಂಜಿಯಲ್ಲಿಯೂ ಪೊಟಾಸಿಯಂ ಅಯೊಡೈಡಿನಲ್ಲಿಯೂ ಅದ್ದಿ ಒಣಗಿಸಿ, ನೆರಳಿನಲ್ಲಿ ತೂಗುಬಿಡಬೇಕು. ಓಜೋನು ಅಯೊಡೈಡಿನಿಂದ ಅಯೊಡೀನನ್ನು ಬಿಡಿಸುತ್ತದೆ. ಅಯೊಡೀನು ಗಂಜಿಯೊಡನೆ ಕೂಡಿ ನೀಲಿಯಾಗುತ್ತದೆ. ಕೆಲವು ಗಂಟೆಗಳ ತರುವಾಯ ಕಾಗದವನ್ನು ನೀರಿನಲ್ಲಿ ನೆನೆಸಿ, ಸೊನ್ನೆಯಿಂದ ಹತ್ತರವರೆಗೆ ಬಣ್ಣಹಚ್ಚಿದ ಪಟ್ಟಿಯೊಡನೆ ಹೋಲಿಸಿ ಅಂಕವನ್ನು ಬರೆದಿಡುವುದು. ಇಷ್ಟೇ ವಿಧಾನ.

ಬೆಲೆಯೂ ಇಲ್ಲ, ವಿಶೇಷ ಶಿಕ್ಷಣವೂ ಬೇಡ. ಆದಕಾರಣ ಈ ಕಾಗದವು ಯೂರೋಪು ಅಮೆರಿಕಗಳಲ್ಲಿ ಬಹುಬೇಗ ಹರಡಿತು. ವೈದ್ಯರಿಗಂತೂ ಇದರಲ್ಲಿ ವಿಶೇಷವಾದ ಆಸಕ್ತಿಯಿತ್ತು. ಕೆಟ್ಟ ಗಾಳಿಯಿಂದ ಕಾಲರಾ ಮುಂತಾದ ವ್ಯಾಧಿಗಳು ಹುಟ್ಟುವುವೆಂದೂ, ಆ ಕೆಡುಕನ್ನು ಓಜೋನು ಸುಟ್ಟು ಶುದ್ಧಿಮಾಡುವುದೆಂದೂ ಹಲವರು ಭಾವಿಸಿದ್ದರು. ಹೀಗೆ ಒಂದು ತುಂಡು ಕಾಗದದ ಬಣ್ಣದ ಮೇಲೆ ಊರಿನ ಆರೋಗ್ಯದ ನಿರ್ಣಯವೇ ನಿಲ್ಲುವಂತಾಯಿತು.

ಆದರೆ ಸಂಶಯಗಳು ಹುಟ್ಟಲು ತಡವಾಗಲಿಲ್ಲ. ಓಜೋನಿನ ಪ್ರಮಾಣ ಒಂದೇ ಆಗಿದ್ದರೂ ಗಾಳಿಯ ತೇವ ಬದಲಾದರೆ ಬಣ್ಣವೂ ಬದಲಾಗುತ್ತಿತ್ತು. ಗಾಳಿ ಬಿರುಸಾಗಿ ಬೀಸಿದರೆ ಕಾಗದವನ್ನು ಮುಟ್ಟುವ ವಾಯುವಿನ ರಾಶಿಯೇ ಹೆಚ್ಚಾಗುತ್ತಿತ್ತು. ಸಾರಜನಕದ ಆಕ್ಸೈಡುಗಳೂ ಕಾಗದವನ್ನು ನೀಲಿಮಾಡಬಲ್ಲವು. ಕಲ್ಲಿದ್ದಲ ಹೊಗೆಯ ಗಂಧಕದ ಡಯಾಕ್ಸೈಡು ಆ ನೀಲಿಯನ್ನು ಅಳಿಸಬಲ್ಲದು. ಫ್ರಾನ್ಸಿನ ರೂಆನ್ ನಗರದ ಊಜೋ ಎಂಬ ರಸಾಯನಜ್ಞನು ಇದಕ್ಕೆ ಒಂದು ಉಪಾಯವನ್ನು ಸೂಚಿಸಿದನು. ಅವನು ಕೆಂಪು ಲಿಟ್ಮಸ್ ಕಾಗದದ ಅರ್ಧವನ್ನು ಮಾತ್ರ ಅಯೊಡೈಡಿನಲ್ಲಿ ಅದ್ದಿದನು. ಆ ಅರ್ಧವೊಂದೇ ನೀಲಿಯಾದರೆ ಓಜೋನು. ಎರಡೂ ನೀಲಿಯಾದರೆ ಅಮೋನಿಯದಂತಹ ಕ್ಷಾರವಸ್ತು. ಉಪಕರಣವು ತನ್ನ ದೋಷವನ್ನು ತಾನೇ ತೋರಿಸಿಕೊಡುವಂತೆ ಮಾಡಿದ ಈ ಯುಕ್ತಿ ಗಮನಾರ್ಹವಾದುದು.

ಆ ಕಾಲದ ಅಂಕಗಳಿಗೆ ಇಂದು ಏನು ಬೆಲೆ? ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ೧೮೭೬ರಿಂದ ೧೮೮೦ರವರೆಗೆ ಇಂತಹ ಕಾಗದಗಳಿಂದ ದೊರೆತ ಅಂಕಗಳನ್ನು ೧೯೮೦ರಲ್ಲಿ ಲಿನ್‌ವಿಲ್ ಮತ್ತು ಅವರ ಸಂಗಡಿಗರು ಮತ್ತೆ ಪರಿಶೀಲಿಸಿ, ತೇವಕ್ಕೆ ತಕ್ಕ ತಿದ್ದುಪಡಿಯೊಡನೆ ಈಗಿನ ಮಾನಕ್ಕೆ ತರಲು ಯತ್ನಿಸಿದರು. ಈ ಪರಿವರ್ತನೆಯನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಪ್ಯಾರಿಸಿನ ಮಾಂಸೂರಿ ವೇಧಶಾಲೆಯ ಸಂಗತಿ ಬೇರೆ. ಅಲ್ಲಿ ೧೮೭೬ರಿಂದ ಸುಮಾರು ೧೯೧೦ರವರೆಗೆ, ಪೊಟಾಸಿಯಂ ಆರ್ಸೆನೈಟಿನ ದ್ರಾವಣದ ಮೂಲಕ ಗಾಳಿಯನ್ನು ಹಾಯಿಸಿ ರಾಸಾಯನಿಕ ರೀತಿಯಲ್ಲಿ ಓಜೋನನ್ನು ಅಳೆಯುತ್ತಿದ್ದರು. ವಿಧಾನವನ್ನು ವಿವರವಾಗಿ ಬರೆದಿಟ್ಟಿದ್ದರು. ಆ ಬರಹವನ್ನು ಅನುಸರಿಸಿ ಜರ್ಮನಿಯ ಫೋಲ್ಟ್ಸ್ ಮತ್ತು ಕ್ಲೈ ಎಂಬವರು ಅದೇ ಉಪಕರಣವನ್ನು ಮತ್ತೆ ಕಟ್ಟಿ, ಆಧುನಿಕ ಮಾಪಕದೊಡನೆ ಹೋಲಿಸಿ, ನಗರದ ಹೊಗೆಯಿಂದ ಬರುವ ದೋಷವನ್ನೂ ಗಣನೆಗೆ ತಂದುಕೊಂಡು, ಆಗಿನ ಸರಾಸರಿ ಪ್ರಮಾಣವು ನೂರು ಕೋಟಿ ಭಾಗ ಗಾಳಿಗೆ ಸುಮಾರು ೧೧ ಭಾಗವೆಂದು ೧೯೮೮ರಲ್ಲಿ ಪ್ರಕಟಿಸಿದರು.

ಇದು ಕೇವಲ ಕುತೂಹಲದ ವಿಷಯವಲ್ಲ. ನೆಲಮಟ್ಟದ ಓಜೋನು ಶ್ವಾಸಕೋಶಗಳಿಗೆ ಹಾನಿಕರ. ಅದು ಭೂಮಿಯ ಶಾಖವನ್ನು ಹಿಡಿದಿಡುವ ಅನಿಲವೂ ಹೌದು. ಮಾಂಸೂರಿಯ ಅಂಕವನ್ನು ಒಪ್ಪಿದರೆ ಮನುಷ್ಯನ ವ್ಯಾಪಾರಗಳಿಂದ ಅದು ಎರಡು ಮೂರು ಪಟ್ಟು ಹೆಚ್ಚಿತೆಂದು ಹೇಳಬೇಕಾಗುತ್ತದೆ. ಆದರೆ ಹಿಮದಲ್ಲಿ ಸೆರೆಯಾದ ಪ್ರಾಚೀನ ವಾಯುವಿನ ಆಮ್ಲಜನಕವನ್ನು ಪರೀಕ್ಷಿಸಿದವರು, ೧೮೫೦ರಿಂದೀಚೆಗೆ ಆದ ಒಟ್ಟು ಏರಿಕೆ ಶೇಕಡಾ ೪೦ಕ್ಕಿಂತ ಕಡಮೆಯೆಂದು ೨೦೧೯ರಲ್ಲಿ ವಾದಿಸಿದರು. ಹಳೆಯ ಅಂಕಗಳ ಪ್ರಾಮಾಣ್ಯವು ಹೀಗೆ ಇಂದಿಗೂ ಜೀವಂತವಾದ ಪ್ರಶ್ನೆ.

ಇಂದಿನ ಸಂವೇದಕಗಳಲ್ಲಿಯೂ ಆ ಕಾಗದದ ದೋಷಗಳೇ ಬೇರೆ ರೂಪದಲ್ಲಿ ಕಾಣುತ್ತವೆ. ಸೂಕ್ಷ್ಮಧೂಳಿಯನ್ನು ಅಳೆಯುವ ಅಗ್ಗದ ಉಪಕರಣವು ಧೂಳಿಯನ್ನು ತೂಗುವುದಿಲ್ಲ; ಲೇಸರ್ ಕಿರಣವನ್ನು ಅದು ಎಷ್ಟು ಚದರಿಸುವುದೆಂದು ನೋಡಿ ತೂಕವನ್ನು ಊಹಿಸುತ್ತದೆ. ತೇವ ಹೆಚ್ಚಾದರೆ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಅಂಕ ಏರುತ್ತದೆ. ಪರ್ಪಲ್‌ಏರ್ ಎಂಬ ಉಪಕರಣಕ್ಕಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಂಶೋಧಕರು ೨೦೨೧ರಲ್ಲಿ ಪ್ರಕಟಿಸಿದ ಸೂತ್ರವು, ಅಂಕವನ್ನು ೦.೫೨೪ರಿಂದ ಗುಣಿಸಿ, ಸಾಪೇಕ್ಷ ಆರ್ದ್ರತೆಯ ಶೇಕಡಾಂಕವನ್ನು ೦.೦೮೬೨ರಿಂದ ಗುಣಿಸಿ ಬಂದುದನ್ನು ಅದರಿಂದ ಕಳೆದು, ೫.೭೫ನ್ನು ಕೂಡಿಸಬೇಕೆಂದು ವಿಧಿಸುತ್ತದೆ. ಆದರೆ ಒಂದು ದೇಶದ ಸೂತ್ರ ಮತ್ತೊಂದಕ್ಕೆ ಹಾಗೆಯೇ ಒಪ್ಪುವುದೆಂದು ಹೇಳಲಾಗದು. ದೆಹಲಿ, ಹಮೀರ್‌ಪುರ, ಬೆಂಗಳೂರುಗಳಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯು ಋತುಋತುವಿಗೂ ತಕ್ಕ ತಿದ್ದುಪಡಿ ಮಾಡಿದರೆ ಫಲ ಉತ್ತಮವಾಗುವುದೆಂದು ತೋರಿಸಿತು. ಓಜೋನನ್ನು ಅಳೆಯುವ ಅಗ್ಗದ ವಿದ್ಯುದ್ರಾಸಾಯನಿಕ ಕೋಶಗಳೂ ಸಾರಜನಕದ ಡಯಾಕ್ಸೈಡಿಗೆ ಪ್ರತಿಕ್ರಿಯೆ ತೋರಿಸುತ್ತವೆ. ಷೋನ್‌ಬೈನನ ಕಾಗದದ ಹಳೆಯ ದೋಷವೇ ಇದು.

ಈ ಚರಿತ್ರೆಯಿಂದ ಹೊರಡುವ ನಿಯಮ ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಅಪರಿಚಿತವಾದುದಲ್ಲ. ಲಿಪಿಕಾರನು ತಪ್ಪಿದನೆಂಬ ಮಾತ್ರಕ್ಕೆ ಓಲೆಯ ಪ್ರತಿಯನ್ನು ಯಾರೂ ಎಸೆಯುವುದಿಲ್ಲ. ಅವನು ಎಲ್ಲಿ, ಯಾವ ರೀತಿಯಲ್ಲಿ ತಪ್ಪುವನೆಂಬುದನ್ನು ಒಳ್ಳೆಯ ಪ್ರತಿಯೊಡನೆ ಹೋಲಿಸಿ ತಿಳಿದರೆ ಆ ಪ್ರತಿಯೂ ಸಾಕ್ಷಿಯಾಗುತ್ತದೆ. ಸಂಪಾದಕನು ಪಾಠವನ್ನು ತಿದ್ದಿದಾಗ ಮೂಲಪಾಠವನ್ನು ಕೆಳಗೆ ಕಾಣಿಸುವುದು ಧರ್ಮ. ಅಳತೆಯಲ್ಲಿಯೂ ಹಾಗೆಯೇ. ತಿದ್ದಿದ ಅಂಕವನ್ನು ಮಾತ್ರ ಉಳಿಸಿ ಮೂಲಾಂಕ, ತೇವ, ಉಷ್ಣತೆ, ಉಪಕರಣದ ಜಾತಿ ಇವನ್ನು ಬಿಟ್ಟರೆ, ಮುಂದಿನವರಿಗೆ ನಮ್ಮ ತಪ್ಪನ್ನು ತಿದ್ದುವ ದಾರಿಯೇ ಮುಚ್ಚಿಹೋಗುತ್ತದೆ. ಓಜೋನ್ ಕಾಗದಕ್ಕೆ ಹಾನಿಯಾದುದು ಅದರ ಅಗ್ಗತನದಿಂದಲ್ಲ. ಜೊತೆಗೆ ಬರೆದಿಡಬೇಕಾದುದನ್ನು ಬಹುಮಂದಿ ಬರೆದಿಡದೆ ಹೋದುದರಿಂದ.