ಗೋಡೆಯಲ್ಲೊಂದು ತೂತು

ಪೋರ್ಟಬಲ್ ಎಸಿ ಕೊಂಡವರೆಲ್ಲ ಡಬ್ಬ ಬಿಚ್ಚಿದ ಹತ್ತನೇ ನಿಮಿಷಕ್ಕೆ ಒಂದೇ ಪ್ರಶ್ನೆಗೆ ಬಂದು ನಿಲ್ತಾರೆ: ಆನೆ ಸೊಂಡಿಲಿನಂಥ ಈ ಪೈಪನ್ನು ಎಲ್ಲಿಗೆ ಬಿಡೋದು? ಬಾಡಿಗೆ ಮನೆ, ಗೋಡೆ ಕೊರೆಯೋ ಹಾಗಿಲ್ಲ. ಸ್ಲೈಡಿಂಗ್ ಕಿಟಕಿ ಅರ್ಧ ಸರಿಸಿ, ಉಳಿದ ಸಂದಿಗೆ ಥರ್ಮಾಕೋಲ್ ತುರುಕಿ, ಟೇಪ್ ಸುತ್ತಿ ಮುಗಿಸ್ತಾರೆ. ಈ ಸರ್ಕಸ್ ಕಂಡಾಗಲೆಲ್ಲ ನನಗೆ ನೆನಪಾಗೋದು ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳು. ಅಲ್ಲಿ ಆ ತೂತು ಮೊದಲೇ ಇತ್ತು. ಕಿಟಕಿಗಿಂತ ಮೇಲೆ, ಸೂರಿಗೆ ಹತ್ತಿರ, ಹಗ್ಗ ಎಳೆದರೆ ತೆರೆದುಕೊಳ್ಳುವ ಪುಟ್ಟ ವೆಂಟಿಲೇಟರ್. ಗುಬ್ಬಚ್ಚಿಗಳ ಖಾಯಂ ವಿಳಾಸ.

ನಮ್ಮ ಹೆಂಚಿನ ಮನೆಗಳಿಗೆ ಗವಾಕ್ಷಿ ಹೊಸದೇನಲ್ಲ. ಸೌದೆ ಒಲೆಯ ಹೊಗೆ ಎಲ್ಲಾದರೂ ಹೋಗಲೇಬೇಕಲ್ಲ! ಆದರೆ ಊರಿಗೆ ಊರನ್ನೇ ಗಾಳಿಯ ಲೆಕ್ಕದಲ್ಲಿ ಕಟ್ಟಬೇಕೆಂಬ ಹುಚ್ಚು ಹತ್ತೊಂಬತ್ತನೇ ಶತಮಾನದ್ದು. ರೋಗ ಹರಡೋದು ಕೆಟ್ಟ ಗಾಳಿಯಿಂದ ಅಂತ ಆಗಿನ ಬಹುಪಾಲು ವೈದ್ಯರು ನಂಬಿದ್ದರು. ಭಾರತಕ್ಕೆ ಒಮ್ಮೆಯೂ ಬಾರದ ಫ್ಲಾರೆನ್ಸ್ ನೈಟಿಂಗೇಲ್, ಇಲ್ಲಿನ ಸೈನಿಕರ ಬ್ಯಾರಕ್‌ಗಳ ಗಾಳಿ, ನೀರು, ಚರಂಡಿಯ ಬಗ್ಗೆ ಲಂಡನ್ನಿನಲ್ಲಿ ಕೂತೇ ವರ್ಷಗಟ್ಟಲೆ ಬರೆದರು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸಾಯತೊಡಗಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಭಯದ ನೆರಳಲ್ಲೇ: ಅಗಲವಾದ ರಸ್ತೆ, ಮನೆ ಸುತ್ತ ಬಯಲು, ಹಿಂದೊಂದು ಕನ್ಸರ್ವೆನ್ಸಿ ಗಲ್ಲಿ. ತಮಾಷೆ ಅಂದರೆ, ಅದೇ 1898ರಲ್ಲಿ ಕರಾಚಿಯಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ, ಪ್ಲೇಗ್ ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಅಂತ ತೋರಿಸಿಕೊಟ್ಟಿದ್ದ. ಹಲವು ವರ್ಷ ಅವನ ಮಾತನ್ನು ಹೆಚ್ಚಿನವರು ಒಪ್ಪಲಿಲ್ಲ. ಹೀಗೆ, ವೆಂಟಿಲೇಟರಿನ ಹಿಂದಿದ್ದ ವೈದ್ಯಶಾಸ್ತ್ರ ತಪ್ಪು. ವೆಂಟಿಲೇಟರ್ ಮಾತ್ರ ಸರಿ. ಬಿಸಿಗಾಳಿ ಮೇಲೇರಿ ಆ ತೂತಿನಿಂದ ಹೊರಗೆ, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಗೆ. ನನಗೆ ಮುಖ್ಯ ಅನ್ನಿಸೋದು ಈ ಎರಡನೇ ಭಾಗ. ಹೋಗೋಕೆ ಒಂದು ದಾರಿ, ಬರೋಕೆ ಇನ್ನೊಂದು.

ಈ ಎರಡನೇ ದಾರಿಯನ್ನೇ ನಾವು ಕಳೆದುಕೊಂಡಿದ್ದು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಯಂತ್ರ ರೂಪಿಸಿದ್ದು ಮನುಷ್ಯರ ಸೆಕೆಗಲ್ಲ, ತೇವಕ್ಕೆ ಹಿಗ್ಗಿ ಬಣ್ಣದ ಅಚ್ಚು ಕೆಡಿಸುತ್ತಿದ್ದ ಕಾಗದಕ್ಕೆ. ಆ ಯಂತ್ರದ ಮೊಮ್ಮಕ್ಕಳು ಮನೆಗೆ ಬಂದ ಮೇಲೆ ಸಂದಿಗಳೆಲ್ಲ ಶತ್ರುಗಳಾದವು. ಚಾವಣಿ ಕೆಳಗಿಳಿಯಿತು, ವೆಂಟಿಲೇಟರ್ ಮಾಯವಾಯಿತು. ವಿಂಡೋ ಎಸಿಯಾದರೂ ಬಿಸಿ ಬೆನ್ನನ್ನು ಹೊರಗಿಟ್ಟು ಕೂರುತ್ತೆ. ಒಂದೇ ಪೈಪಿನ ಪೋರ್ಟಬಲ್ ಎಸಿ ಇಡೀ ಮೈ ಕೋಣೆಯಲ್ಲಿಟ್ಟು, ಕೋಣೆಯ ಗಾಳಿಯನ್ನೇ ಎಳೆದು, ಕಾಯಿಸಿ ಹೊರಗೆ ಊದುತ್ತೆ. ಹೋದಷ್ಟು ಗಾಳಿ ಬರಲೇಬೇಕಲ್ಲ? ಬಾಗಿಲಡಿಯಿಂದ, ಸ್ವಿಚ್ ಬೋರ್ಡಿನ ಸಂದಿಯಿಂದ ಹೊರಗಿನ ಬಿಸಿಯೇ ವಾಪಸ್. ಎರಡು ಪೈಪಿನ ಮಾದರಿ ಹುಟ್ಟಿದ್ದು ಇದಕ್ಕೇ.

ಎಸಿ ವಿಷಯದಲ್ಲಿ ಹೋಗೋದು ಕರೆಂಟ್ ದುಡ್ಡು ಮಾತ್ರ. ಬಚ್ಚಲಲ್ಲಿ ಹಾಗಲ್ಲ. ಹಂಡೆ ಒಲೆಯ ಕಾಲದಲ್ಲಿ ಹೊಗೆ ಕಣ್ಣಿಗೆ ಕಾಣ್ತಿತ್ತು, ಉರಿ ತರಿಸ್ತಿತ್ತು, ಹಾಗಾಗಿ ಗವಾಕ್ಷಿ ಮುಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಹಂಡೆ ಹೋಗಿ ತಾಮ್ರದ ಬಾಯ್ಲರ್, ಅದು ಹೋಗಿ ಕರೆಂಟಿನ ಗೀಸರ್. ಹೊಗೆಯೇ ಇಲ್ಲವೆಂದಾದಾಗ ಗವಾಕ್ಷಿ ಕುಗ್ಗಿ ಗಾಜಿನ ಪಟ್ಟಿಗಳ ಕಿಂಡಿಯಾಯಿತು, ಆ ಪಟ್ಟಿಗಳ ಜಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಕೂತಿತು. ಆಮೇಲೆ ಗ್ಯಾಸ್ ಗೀಸರ್ ಬಂತು. ಬೆಂಕಿ ಮತ್ತೆ ಬಚ್ಚಲಿಗೆ ಮರಳಿತು, ಗವಾಕ್ಷಿ ಮರಳಲಿಲ್ಲ. ಸಾಲದ ಗಾಳಿಯಲ್ಲಿ ಉರಿದ ಗ್ಯಾಸ್ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಅಪ್ಪಿಕೊಳ್ಳುತ್ತೆ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಅನ್ನೋ ಸುದ್ದಿ ನಮ್ಮ ಪೇಪರುಗಳಲ್ಲಿ ಆಗಾಗ ಬರೋದು ಇದರಿಂದಲೇ.

ಫ್ಯಾನ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳೋ ಹಾಗಿಲ್ಲ. ಬಾಗಿಲು ಬಿಗಿಯಾಗಿದ್ದು ಒಳಗೆ ಬರೋ ದಾರಿಯೇ ಇಲ್ಲದಿದ್ದರೆ, ಫ್ಯಾನ್ ಸಿಕ್ಕ ಕಡೆಯಿಂದ ಎಳೆಯುತ್ತೆ. ಡಕ್ಟಿನಿಂದ ಪಕ್ಕದ ಮನೆಯ ಒಗ್ಗರಣೆ ವಾಸನೆ ಬಂದರೆ ಪುಣ್ಯ. ಗೀಸರಿನ ಹೊಗೆಕೊಳವೆಯಿಂದ ಎಳೆದರೆ, ಹೊರಗೆ ಹೋಗಬೇಕಾದ ವಿಷವೇ ತಿರುಗಿ ಕೋಣೆಗೆ.

ಪರೀಕ್ಷೆ ಸುಲಭ. ಗೀಸರ್ ಹಚ್ಚದೆ, ಫ್ಯಾನ್ ಹಾಕಿ, ಬಚ್ಚಲ ಬಾಗಿಲು ಮುಚ್ಚಿ, ಹೊರಗಿನಿಂದ ಬಾಗಿಲಡಿ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ಬಳುಕಿ ಒಳಗೆ ಹೋದರೆ ದಾರಿ ಇದೆ. ನೆಟ್ಟಗೆ ಮೇಲೇರಿದರೆ ಫ್ಯಾನ್ ಸುಮ್ಮನೆ ತಿರುಗ್ತಿದೆ. ಬಡಗಿಯನ್ನು ಕರೆಸಿ ಬಾಗಿಲಡಿ ಒಂದು ಬೆರಳಗಲ ಕೊಯ್ಯಿಸಿ. ಗ್ಯಾಸ್ ಗೀಸರ್ ಒಳಗಿದ್ದರೆ ಮಾತ್ರ ಈ ಬೆರಳಗಲ ಸಾಲದು, ಗೀಸರನ್ನೇ ಹೊರಗಿನ ಗೋಡೆಗೆ ಹಾಕಿಸಬೇಕು. ಓನರ್ ಜೊತೆ ಜಗಳ ಆಗುತ್ತೆ, ಆಗಲಿ.