ದವಡೆ ತಿದ್ದುವ ಶಸ್ತ್ರಚಿಕಿತ್ಸೆ: ಕತ್ತರಿಸುವ ವಿದ್ಯೆಯಿಂದ ಚೇತರಿಕೆಯ ವಿದ್ಯೆಗೆ

ಹಲ್ಲು ಓರೆಕೋರೆಯಾದರೆ ಕ್ಲಿಪ್ ಹಾಕಿಸಿದರಾಯಿತು ಎಂಬುದು ನಮ್ಮ ಮನೆಗಳಲ್ಲಿ ಬಳಕೆಯ ಮಾತು. ಹಲ್ಲುಗಳಷ್ಟೇ ಸಾಲು ತಪ್ಪಿದ್ದರೆ ಆ ಮಾತು ಸರಿ. ಹಲ್ಲು ಬೇರೂರಿದ ಎಲುಬೇ ಹಿಂದುಳಿದಿದ್ದರೆ, ಮುಂದಕ್ಕೆ ಬೆಳೆದಿದ್ದರೆ ಅಥವಾ ಒಂದು ಪಕ್ಕಕ್ಕೆ ವಾಲಿದ್ದರೆ ಕ್ಲಿಪ್ಪಿನಿಂದ ಆಗುವುದು ಅಲ್ಪಸ್ವಲ್ಪ. ಇಂಥವರಲ್ಲಿ ಕೆಲವರಿಗೆ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗುವುದೇ ಇಲ್ಲ. ಚಪಾತಿಯನ್ನು ಕಚ್ಚಿ ಹರಿಯಲಾಗದು, ಸಕಾರ ಸ್ಪಷ್ಟವಾಗಿ ಹೊರಡದು. ಕೆಳದವಡೆ ತೀರ ಹಿಂದಿರುವ ಕೆಲವರಿಗೆ ನಿದ್ದೆಯಲ್ಲಿ ಗಂಟಲ ದಾರಿ ಕಿರಿದಾಗಿ ಉಸಿರು ಕಟ್ಟುತ್ತದೆ. ದವಡೆಯ ಎಲುಬನ್ನೇ ಕತ್ತರಿಸಿ, ಸರಿಯಾದ ಜಾಗಕ್ಕೆ ಸರಿಸಿ, ಮತ್ತೆ ಕೂಡಿಸುವ ಆರ್ಥೋಗ್ನಾಥಿಕ್ ಶಸ್ತ್ರಚಿಕಿತ್ಸೆ ಇರುವುದು ಇವರಿಗಾಗಿ.

ಈ ಕ್ಷೇತ್ರದ ಚರಿತ್ರೆಯನ್ನು ಯಾರು ಎಲ್ಲಿ ಹೇಗೆ ಕತ್ತರಿಸಿದರು ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಇದು ನಿಜವಾಗಿ ಮುಂದೆ ಸಾಗಿದ್ದು ಕತ್ತರಿಸಿದ ಎಲುಬು ಹೇಗೆ ಬದುಕೀತು, ಮನೆಗೆ ಹೋದ ರೋಗಿ ಹೇಗೆ ಉಂಡಾನು ಎಂದು ವೈದ್ಯರು ಕೇಳಿಕೊಂಡಾಗಲೆಲ್ಲ. ಈ ಸಮೀಕ್ಷೆ ಆ ಪ್ರಶ್ನೆಯ ಹಾದಿಯಲ್ಲೇ ನಡೆಯುತ್ತದೆ.

ಮೊದಲ ಹೆಜ್ಜೆಗಳು

ದಾಖಲಾದ ಮೊದಲ ಶಸ್ತ್ರಚಿಕಿತ್ಸೆ ಅಮೆರಿಕದ ವೀಲಿಂಗ್ ಪಟ್ಟಣದ ಸೈಮನ್ ಹಲಿಹೆನ್ ಅವರದು. ಬಾಲ್ಯದಲ್ಲಿ ಬೆಂಕಿಗೆ ಸಿಕ್ಕ ಯುವತಿಯೊಬ್ಬಳ ಕುತ್ತಿಗೆಯ ಚರ್ಮ ಸುಟ್ಟು ಬಿಗಿದುಕೊಂಡಿತ್ತು. ಆ ಎಳೆತಕ್ಕೆ ಕೆಳದವಡೆಯ ಮುಂಭಾಗ ಉದ್ದವಾಗಿ ಹೊರಚಾಚಿತ್ತು. ಹಲಿಹೆನ್ ಎಲುಬಿನ ತುಂಡೊಂದನ್ನು ತೆಗೆದು ಮುಂಭಾಗವನ್ನು ಹಿಂದಕ್ಕೆ ಕೂರಿಸಿದರು. 1849ರಲ್ಲಿ ಅದರ ವರದಿ ಪ್ರಕಟಿಸಿದರು. ಈಥರ್ ಅರಿವಳಿಕೆ ಸಾರ್ವಜನಿಕವಾಗಿ ಪ್ರದರ್ಶನಗೊಂಡು ಆಗಿನ್ನೂ ಮೂರು ವರ್ಷ. ಸೋಂಕು ತಡೆಯುವ ಔಷಧಿಗಳ ಕಾಲವಂತೂ ಬಹಳ ದೂರವಿತ್ತು.

ಅರ್ಧ ಶತಮಾನದ ಬಳಿಕ, 1897ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ ವಿಲ್‌ರೇ ಬ್ಲೇರ್ ಮುಂಚಾಚಿದ ಕೆಳದವಡೆಯ ಎರಡೂ ಬದಿಯಿಂದ ಎಲುಬು ತೆಗೆದು ಅದನ್ನು ಗಿಡ್ಡಗೊಳಿಸಿದರು. ಆಧುನಿಕ ದಂತವಕ್ರತೆ ಚಿಕಿತ್ಸೆಗೆ ಅಡಿಪಾಯ ಹಾಕಿದ ಎಡ್ವರ್ಡ್ ಆಂಗಲ್ ಆಗ ಅದೇ ಊರಿನಲ್ಲಿದ್ದರು. ಹಲ್ಲು ಸರಿಸುವವರೂ ಎಲುಬು ಸರಿಸುವವರೂ ಕೂಡಿ ಕೆಲಸ ಮಾಡುವ ಪದ್ಧತಿಯ ಬೇರು ಇಲ್ಲಿದೆ. ಮೊದಲನೇ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರ ಚಿಕಿತ್ಸೆ ಈ ನಂಟನ್ನು ಗಟ್ಟಿ ಮಾಡಿತು. ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲೀಸ್ ಅವರ ತಂಡದಲ್ಲಿ ದಂತವೈದ್ಯರೂ ಇದ್ದರು.

ಮೇಲ್ದವಡೆಯ ಕಥೆ ಬೇರೆ ದಾರಿಯಿಂದ ಬಂದದ್ದು. ಮುಖಕ್ಕೆ ಪೆಟ್ಟು ಬಿದ್ದಾಗ ಎಲುಬು ಯಾವ ಗೆರೆಗಳಲ್ಲಿ ಬಿರಿಯುತ್ತದೆ ಎಂಬುದನ್ನು ಫ್ರಾನ್ಸಿನ ರೆನೆ ಲೆ ಫೋರ್ ಶವಗಳ ಮೇಲೆ ಪ್ರಯೋಗ ಮಾಡಿ 1901ರಲ್ಲಿ ವಿವರಿಸಿದರು. ಅವರು ಗುರುತಿಸಿದ ಮೊದಲ ಗೆರೆ ಮೂಗಿನ ಬುಡದ ಮಟ್ಟದಲ್ಲಿ ಅಡ್ಡಲಾಗಿ ಹಾಯುತ್ತದೆ. ಅದೇ ಗೆರೆಯಲ್ಲಿ ಬೇಕೆಂದೇ ಕತ್ತರಿಸಿ ಮೇಲ್ದವಡೆಯನ್ನು ತಿದ್ದಬಹುದೆಂದು ಜರ್ಮನಿಯ ಮಾರ್ಟಿನ್ ವಾಸ್ಮುಂಡ್ 1927ರಲ್ಲಿ ತೋರಿಸಿದರು. ಆ ಕೊಯ್ತಕ್ಕೆ ಇವತ್ತಿಗೂ ಲೆ ಫೋರ್ ಒಂದು ಎಂದೇ ಹೆಸರು. ಆದರೂ ಮೇಲ್ದವಡೆಯನ್ನು ಪೂರ್ತಿ ಬಿಡಿಸಿದರೆ ರಕ್ತ ಸಿಗದೆ ಎಲುಬು ಸತ್ತೀತೆಂಬ ಭಯ ದಶಕಗಳ ಕಾಲ ಶಸ್ತ್ರವೈದ್ಯರ ಕೈ ಹಿಡಿದಿತ್ತು.

ಗ್ರಾಟ್ಸ್‌ನ ತಿರುವು

ದೊಡ್ಡ ತಿರುವು ಬಂದದ್ದು ಆಸ್ಟ್ರಿಯಾದಲ್ಲಿ. ಗ್ರಾಟ್ಸ್‌ನಲ್ಲಿ ರಿಚರ್ಡ್ ಟ್ರೌನರ್ ಅವರ ಬಳಿ ಕೆಲಸ ಮಾಡುತ್ತಿದ್ದ ಹ್ಯೂಗೊ ಓಬ್‌ವೆಗೆಸರ್ 1953ರಲ್ಲಿ ಕೆಳದವಡೆಯನ್ನು ಹೊಸ ಬಗೆಯಲ್ಲಿ ಸೀಳಿದರು. ಅದಕ್ಕೂ ಮೊದಲು ಎಲುಬನ್ನು ಅಡ್ಡಲಾಗಿ ತುಂಡರಿಸುತ್ತಿದ್ದರು. ಸರಿಸಿದ ಮೇಲೆ ತುದಿಗೆ ತುದಿ ಮಾತ್ರ ತಾಗುತ್ತಿತ್ತು. ಕೂಡಿಕೊಳ್ಳುವುದು ಕಷ್ಟವಾಗುತ್ತಿತ್ತು, ಸರಿಸಿದ ದವಡೆ ಮರಳಿ ಜಾರುತ್ತಿತ್ತು.

ಓಬ್‌ವೆಗೆಸರ್ ಬಾಯಿಯ ಒಳಗಿನಿಂದಲೇ ದವಡೆಯ ಹಿಂಭಾಗವನ್ನು ತಲುಪಿದರು. ಒಳಮೈಯಲ್ಲಿ, ನರ ಎಲುಬಿನೊಳಗೆ ಹೊಗುವ ರಂಧ್ರದ ಮೇಲುಗಡೆ ಒಂದು ಅಡ್ಡಗೀರು. ಹೊರಮೈಯಲ್ಲಿ ಇನ್ನೊಂದು ಗೀರು. ಎರಡನ್ನೂ ಸೇರಿಸುವಂತೆ ಅಂಚಿನುದ್ದಕ್ಕೂ ಮತ್ತೊಂದು. ಆಮೇಲೆ ಉಳಿ ಇಟ್ಟು ಮೆಲ್ಲಗೆ ಅಗಲಿಸಿದರೆ ಎಲುಬು ನೆನೆದ ಅವರೆಕಾಳಿನ ಎರಡು ಬೇಳೆಗಳಂತೆ ಒಳಪದರ, ಹೊರಪದರವಾಗಿ ಬಿಚ್ಚಿಕೊಳ್ಳುತ್ತದೆ. ಹಲ್ಲುಗಳನ್ನು ಹೊತ್ತ ಭಾಗ ಮುಂದಕ್ಕೋ ಹಿಂದಕ್ಕೋ ಜಾರಬಲ್ಲದು. ಜಾರಿದ ಮೇಲೂ ಎರಡು ಪದರಗಳು ಅಗಲವಾಗಿ ಒಂದರ ಮೇಲೊಂದು ಕೂತೇ ಇರುತ್ತವೆ. ಎಲುಬು ಕೂಡಿಕೊಳ್ಳಲು ಬೇಕಾದ ಮೈ ಸಿಕ್ಕಿತು. ಮುಖದ ಮೇಲೆ ಕಲೆಯೂ ಉಳಿಯಲಿಲ್ಲ.

1957ರಲ್ಲಿ ಟ್ರೌನರ್ ಮತ್ತು ಓಬ್‌ವೆಗೆಸರ್ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಧಾನವನ್ನು ಜಗತ್ತಿಗೆ ಒಯ್ದಿತು. 1961ರಲ್ಲಿ ಇಟಲಿಯ ಡಾಲ್ ಪಾಂಟ್ ಹೊರಗಿನ ಗೀರನ್ನು ಮುಂದಕ್ಕೆ, ದವಡೆಹಲ್ಲಿನ ಬಳಿಗೆ ತಂದು ಎಲುಬುಗಳು ತಾಗುವ ಮೈಯನ್ನು ಇನ್ನಷ್ಟು ಹಿಗ್ಗಿಸಿದರು. ಮೇಲ್ದವಡೆಯ ಭಯವನ್ನು ಕಳೆದವರು ಅಮೆರಿಕದ ವಿಲಿಯಂ ಬೆಲ್. ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಅಂಗುಳು ಮತ್ತು ವಸಡಿನ ಮೃದುಭಾಗವನ್ನು ಕಾಪಾಡಿಕೊಂಡರೆ ಬಿಡಿಸಿದ ಎಲುಬಿಗೂ ರಕ್ತ ಹರಿಯುತ್ತದೆ ಎಂದು ಅವರು ತೋರಿಸಿಕೊಟ್ಟರು. 1970ರ ಹೊತ್ತಿಗೆ ಜ್ಯೂರಿಕ್‌ನಲ್ಲಿದ್ದ ಓಬ್‌ವೆಗೆಸರ್ ಎರಡೂ ದವಡೆಗಳನ್ನು ಒಂದೇ ಸಲಕ್ಕೆ ತಿದ್ದಿದರು.

ಕಟ್ಟಿದ ಬಾಯಿ ಬಿಚ್ಚಿದ್ದು

ಆದರೂ ರೋಗಿಯ ಪಾಡು ಸುಲಭವಾಗಿರಲಿಲ್ಲ. ಕತ್ತರಿಸಿದ ಎಲುಬು ಅಲುಗದಿರಲೆಂದು ಮೇಲಿನ ಹಲ್ಲುಗಳನ್ನು ಕೆಳಗಿನವಕ್ಕೆ ತಂತಿಯಿಂದ ಬಿಗಿದು ಸುಮಾರು ಆರು ವಾರ ಬಾಯಿ ಕಟ್ಟಿಡುತ್ತಿದ್ದರು. ವಾಂತಿಯಾಗಿ ಉಸಿರಿಗೆ ಕುತ್ತು ಬಂದೀತೆಂದು ತಂತಿ ಕತ್ತರಿಸುವ ಇಕ್ಕಳವನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟಿರುತ್ತಿದ್ದರು.

ಇದನ್ನು ಬದಲಿಸಿದ್ದು 1970ರ ದಶಕ. ಸ್ವಿಟ್ಜರ್ಲೆಂಡಿನ ಬರ್ನ್ಡ್ ಸ್ಪೀಸ್ಲ್ ಎಲುಬಿನ ಪದರಗಳನ್ನು ಸ್ಕ್ರೂಗಳಿಂದ ಬಿಗಿದರು. ಫ್ರಾನ್ಸಿನಲ್ಲಿ ಮಿಶೆಲೆ, ಶಾಂಪಿ ಮೊದಲಾದವರು ಪುಟ್ಟ ಲೋಹದ ಪ್ಲೇಟುಗಳ ವಿಧಾನವನ್ನು ಬೆಳೆಸಿದರು. ಮುಂದೆ ದೇಹಕ್ಕೆ ಒಗ್ಗುವ ಟೈಟಾನಿಯಂ ಬಳಕೆಗೆ ಬಂತು. ಎಲುಬು ಒಳಗೇ ಭದ್ರವಾಗಿದ್ದರೆ ಬಾಯಿ ಕಟ್ಟಬೇಕಾಗಿಲ್ಲ. ಹಲ್ಲುಗಳ ಕಚ್ಚು ಸರಿದಾರಿಯಲ್ಲಿರಲು ರಬ್ಬರ್ ಬ್ಯಾಂಡ್ ಸಾಕು. ಈ ಕ್ಷೇತ್ರದಲ್ಲಿ ರೋಗಿಗೆ ಸಿಕ್ಕ ಅತಿ ದೊಡ್ಡ ವರ ಇದೇ ಎಂದು ನಾನು ಎಣಿಸುತ್ತೇನೆ.

1992ರಲ್ಲಿ ನ್ಯೂಯಾರ್ಕಿನ ಜೋಸೆಫ್ ಮೆಕಾರ್ಥಿ ಮತ್ತು ಸಂಗಡಿಗರು ಮಕ್ಕಳ ಕೆಳದವಡೆಯನ್ನು ದಿನಕ್ಕಿಷ್ಟು ಎಂದು ನಿಧಾನವಾಗಿ ಎಳೆದು ಹೊಸ ಎಲುಬು ಬೆಳೆಸಿದ ವರದಿ ಕೊಟ್ಟರು. ಮೂಲ ತತ್ವ ರಷ್ಯಾದ ಇಲಿಜಾರೊವ್ ಕೈಕಾಲಿನ ಎಲುಬುಗಳಿಗೆ ರೂಪಿಸಿದ್ದು. ಈಚಿನ ಮುನ್ನಡೆ ಯೋಜನೆಯಲ್ಲಿ: ಸಿ.ಟಿ. ಸ್ಕ್ಯಾನ್‌ನಿಂದ ಕಂಪ್ಯೂಟರಿನಲ್ಲಿ ತಲೆಬುರುಡೆಯ ಮಾದರಿ ಮಾಡಿ, ಎಷ್ಟು ಮಿಲಿಮೀಟರ್ ಸರಿಸಬೇಕೆಂದು ಮೊದಲೇ ಲೆಕ್ಕ ಹಾಕಿ, ಶಸ್ತ್ರಚಿಕಿತ್ಸೆಯಲ್ಲಿ ಹಲ್ಲುಗಳ ನಡುವೆ ಇಡುವ ಅಚ್ಚನ್ನು ತ್ರಿಡಿ ಪ್ರಿಂಟರಿನಲ್ಲಿ ತೆಗೆಯುತ್ತಾರೆ.

ಈಗಿನ ರೋಗಿಯ ದಾರಿ

ದಾರಿ ಈಗಲೂ ಉದ್ದವೇ. ಮುಖದ ಬೆಳವಣಿಗೆ ನಿಲ್ಲುವವರೆಗೆ ಸಾಮಾನ್ಯವಾಗಿ ಕಾಯಬೇಕು. ಬಹುತೇಕರಿಗೆ ಮೊದಲು ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಕ್ಲಿಪ್ ಇರುತ್ತದೆ. ವಕ್ರ ದವಡೆಗೆ ಹೊಂದಿಕೊಳ್ಳಲು ಬಾಗಿದ ಹಲ್ಲುಗಳನ್ನು ಈ ಹಂತದಲ್ಲಿ ನೆಟ್ಟಗೆ ಮಾಡುವುದರಿಂದ ಕಚ್ಚು ಮೊದಲಿಗಿಂತ ಕೆಟ್ಟಂತೆ ಕಾಣುತ್ತದೆ. ಹೀಗಾಗುವುದು ಸಹಜ ಎಂದು ಮೊದಲೇ ಹೇಳದಿದ್ದರೆ ಹುಡುಗ ಹುಡುಗಿಯರು ಎದೆಗುಂದುತ್ತಾರೆ.

ಶಸ್ತ್ರಚಿಕಿತ್ಸೆ ಪೂರ್ಣ ಅರಿವಳಿಕೆಯಲ್ಲಿ, ಮೂಗಿನ ಮೂಲಕ ಉಸಿರಿನ ಕೊಳವೆ ಹಾಕಿ ನಡೆಯುತ್ತದೆ. ಮುಖದ ಊತ ಎರಡು ಮೂರನೆಯ ದಿನಕ್ಕೆ ಏರಿ ನಿಂತು ಆಮೇಲೆ ಇಳಿಯತೊಡಗುತ್ತದೆ. ಮೇಲ್ದವಡೆ ಸರಿಸಿದ್ದರೆ ಮೂಗು ಕಟ್ಟಿರುತ್ತದೆ, ಜೋರಾಗಿ ಸೀನಬಾರದು, ಸಿಂಬಳ ಸೀಟಬಾರದು. ಊಟವೆಲ್ಲ ದ್ರವರೂಪದಲ್ಲಿ: ಸಿರಿಂಜಿನ ತುದಿಗೆ ಮೆತ್ತನೆಯ ನಳಿಕೆ ಸಿಕ್ಕಿಸಿ ಕೆನ್ನೆಯ ಒಳಬದಿಗೆ ಬಿಡುವ ಶೋಧಿಸಿದ ರಾಗಿ ಅಂಬಲಿ, ಬೇಳೆಕಟ್ಟು, ತಿಳಿಸಾರು, ಮಜ್ಜಿಗೆ. ಕೆಲವು ಕಿಲೊ ತೂಕ ಇಳಿಯುವುದುಂಟು. ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸುವುದು, ಮಕ್ಕಳ ಸಣ್ಣ ಬ್ರಷ್ಷಿನಿಂದ ಹಲ್ಲು ಉಜ್ಜುವುದು ಔಷಧಿಯಷ್ಟೇ ಮುಖ್ಯ. ವೈದ್ಯರು ಒಪ್ಪಿದ ಮೇಲೆ ಮೆತ್ತಗಿನ ಮೊಸರನ್ನ, ಅಗಿಯದೆ ನುಂಗುವ ಮುದ್ದೆ. ಎಲುಬು ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಮುಖದ ಕೊನೆಯ ರೂಪ ನಿಲ್ಲಲು ಹಲವು ತಿಂಗಳು.

ಎರಡು ಸಂಗತಿಗಳನ್ನು ತಂತ್ರಜ್ಞಾನ ಇನ್ನೂ ಗೆದ್ದಿಲ್ಲ. ಕೆಳದವಡೆಯನ್ನು ಸೀಳುವಾಗ ಅದರೊಳಗಿನ ನರ ಸೆಳೆತಕ್ಕೆ ಸಿಕ್ಕಿ ಕೆಳತುಟಿ, ಗದ್ದ ಮರಗಟ್ಟುತ್ತವೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸ್ಪರ್ಶ ಮರಳುತ್ತದೆ, ಕೆಲವರಿಗೆ ಮರಗಟ್ಟಿದ್ದು ಅಷ್ಟಿಷ್ಟು ಶಾಶ್ವತವಾಗಿ ಉಳಿಯುತ್ತದೆ. ಇನ್ನೊಂದು ಮನಸ್ಸಿನದು. ಊದಿದ ಮುಖ, ಹಸಿವು, ಮಾತಾಡಲಾಗದ ಕಷ್ಟ ಸೇರಿ ಮೊದಲ ವಾರಗಳಲ್ಲಿ ಯಾಕಾದರೂ ಮಾಡಿಸಿಕೊಂಡೆನೋ ಎನಿಸುವುದು ಬಹಳ ಮಂದಿಗೆ ಆಗುವ ಅನುಭವ. ಮನೆಯವರ ಆಸರೆ ಹೆಚ್ಚಾಗಿ ಬೇಕಾಗುವುದು ಆಗಲೇ.

ನಮ್ಮಲ್ಲಿ

ಭಾರತದ ಬಾಯಿ ಮತ್ತು ಮುಖದವಡೆ ಶಸ್ತ್ರವೈದ್ಯರ ಸಂಘ 1969ರಿಂದ ಇದೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಧಾರವಾಡದ ಎಸ್‌ಡಿಎಂ ದಂತ ಕಾಲೇಜು ಮೊದಲಾದ ಕಡೆ ಈ ವಿಭಾಗಗಳಿವೆ. ನಮ್ಮಲ್ಲಿ ಈ ಚಿಕಿತ್ಸೆ ಬೇಕಾದವರಲ್ಲಿ ಸೀಳುತುಟಿ, ಸೀಳು ಅಂಗುಳಿನೊಂದಿಗೆ ಹುಟ್ಟಿದವರ ಗುಂಪೊಂದಿದೆ. ಶೈಶವದಲ್ಲಿ ಅಂಗುಳು ಹೊಲಿದ ಗಾಯದ ಕಲೆ ಮೇಲ್ದವಡೆಯ ಬೆಳವಣಿಗೆಯನ್ನು ಬಿಗಿಹಿಡಿಯುವುದರಿಂದ ಹರೆಯದ ಹೊತ್ತಿಗೆ ಅದು ಹಿಂದುಳಿದಿರಬಹುದು. ಮಗುವಿನ ತುಟಿ ಹೊಲಿಸಿದಲ್ಲಿಗೆ ಚಿಕಿತ್ಸೆ ಮುಗಿಯಿತೆಂದು ಬಿಟ್ಟುಬಿಡುವ ಕುಟುಂಬಗಳಿಗೆ ಈ ಮಾತು ತಲುಪಬೇಕು.

ದವಡೆಯ ಶಸ್ತ್ರಚಿಕಿತ್ಸೆಯನ್ನು ಅಂದದ ಖರ್ಚೆಂದು ವಿಮೆ ಕಂಪನಿಗಳು ತಳ್ಳಿಹಾಕುವುದುಂಟು. ಅಗಿಯುವುದು, ಉಸಿರಾಡುವುದು, ಸ್ಪಷ್ಟವಾಗಿ ಮಾತಾಡುವುದು ಅಲಂಕಾರವಲ್ಲ. ಆ ಕಾರಣಕ್ಕೆ ಮಾಡಿಸುವ ಚಿಕಿತ್ಸೆಗೆ ವಿಮೆ ಸಿಗಲೇಬೇಕು. ಮಾಡಿಸಿಕೊಳ್ಳಲು ಹೊರಟವರು ತಮ್ಮ ವೈದ್ಯರನ್ನು ಮೂರು ಮಾತು ಕೇಳಿ: ನನ್ನ ತುಟಿಯ ಸ್ಪರ್ಶ ಹೋಗುವ ಸಂಭವ ಎಷ್ಟು, ಎಷ್ಟು ವಾರ ಹೇಗೆ ಉಣ್ಣಬೇಕು, ಇದನ್ನು ಮಾಡಿಸದೆ ಬಿಟ್ಟರೆ ಏನಾದೀತು. ಮೂರಕ್ಕೂ ಬಿಡಿಸಿ ಉತ್ತರ ಕೊಡುವ ವೈದ್ಯರ ಕೈಗೆ ನಿಮ್ಮ ದವಡೆ ಒಪ್ಪಿಸಿ.