ಕಾರಣದ ಲೆಕ್ಕಕ್ಕೆ ತಂತ್ರಾಂಶ ಬಂದ ಬಗೆ

ಮದ್ದು ನಿಜಕ್ಕೂ ರೋಗಿಯನ್ನು ಉಳಿಸಿತೇ ಎಂಬುದನ್ನು ಬರೀ ದಾಖಲೆಗಳಿಂದ ಅಂದಾಜಿಸುವ ತಂತ್ರಾಂಶಗಳ ಬೇರು, ಹಾರ್ವರ್ಡ್‌ನ ಜೇಮ್ಸ್ ರಾಬಿನ್ಸ್ 1986ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಕಾರ್ಖಾನೆಗಳ ಆರೋಗ್ಯ ಅಧ್ಯಯನದ ಹಳೆಯ ತೊಡಕೊಂದು ಅದರ ವಸ್ತು. ವಿಷವಸ್ತುಗಳ ನಡುವೆ ದುಡಿದು ಕಾಯಿಲೆ ಬಿದ್ದವರು ಕೆಲಸ ಬಿಡುತ್ತಾರೆ, ಗಟ್ಟಿಮುಟ್ಟಾದವರು ಉಳಿಯುತ್ತಾರೆ. ಲೆಕ್ಕ ಹಾಕಿದರೆ ಹೆಚ್ಚು ವರ್ಷ ವಿಷ ಉಂಡವರೇ ಆರೋಗ್ಯವಂತರೆಂದು ತೋರುತ್ತದೆ! ರಾಬಿನ್ಸ್ ಇದಕ್ಕೆ 'ಜಿ-ಸೂತ್ರ' ಎಂಬ ಪರಿಹಾರ ಕೊಟ್ಟರು. ಆದರೆ ಗಣಿತ ಕಠಿಣ, ಗಣನೆ ಭಾರಿ, ಸಿದ್ಧ ಪ್ರೋಗ್ರಾಂ ಇಲ್ಲ. ಬಹುಕಾಲ ಅದನ್ನು ಬಳಸಿದವರು ವಿರಳ.

ಬಾಗಿಲು ತೆರೆದದ್ದು 2000ದಲ್ಲಿ, ಬೇರೊಂದು ವಿಧಾನದಿಂದ. ಮಿಗೆಲ್ ಹೆರ್ನಾನ್, ಬ್ಯಾಬೆಟ್ ಬ್ರಂಬ್ಯಾಕ್ ಮತ್ತು ರಾಬಿನ್ಸ್ ಎಚ್‌ಐವಿ ಸೋಂಕಿತ ಪುರುಷರ ದಾಖಲೆಗಳನ್ನು ಹಿಡಿದು ಜಿಡೊವುಡಿನ್ ಔಷಧದ ಪರಿಣಾಮವನ್ನು ಅಳೆದರು. ನೇರ ಹೋಲಿಕೆಯಲ್ಲಿ ಔಷಧ ಪಡೆದವರ ಸಾವಿನ ದರ ಉಳಿದವರ 3.6 ಪಟ್ಟು ಇತ್ತು. ರೋಗನಿರೋಧಕ ಸಿಡಿ4 ಕಣಗಳು ಕುಸಿದ, ಅಂದರೆ ಮೊದಲೇ ಹದಗೆಟ್ಟ ರೋಗಿಗಳಿಗೇ ವೈದ್ಯರು ಔಷಧ ಕೊಡುತ್ತಿದ್ದುದು ಇದಕ್ಕೆ ಕಾರಣ. ಆರಂಭದ ಸ್ಥಿತಿಯನ್ನು ಲೆಕ್ಕಕ್ಕೆ ತಂದಾಗಲೂ ಈ ಅನುಪಾತ 2.3ಕ್ಕೆ ಇಳಿಯಿತಷ್ಟೆ. ಮುಂದಿನ ಸಿಡಿ4 ಎಣಿಕೆಗಳನ್ನು ರೂಢಿಯ ವಿಧಾನದಲ್ಲಿ ಸರಿದೂಗಿಸುವಂತಿರಲಿಲ್ಲ. ಆ ಎಣಿಕೆಯನ್ನು ಏರಿಸುವುದೇ ಔಷಧದ ಕೆಲಸವಾದ್ದರಿಂದ ಅದರ ಗುಣವೂ ಅಳಿಸಿಹೋಗುತ್ತಿತ್ತು. ಆದ್ದರಿಂದ ಪ್ರತಿ ರೋಗಿಗೂ, ಆತ ಪಡೆದ ಚಿಕಿತ್ಸೆಯೇ ಅವನಿಗೆ ಸಿಗುವ ಸಂಭವ ಎಷ್ಟಿತ್ತು ಎಂದು ನೋಡಿ, ಅದರ ವಿಲೋಮದ ಆಧಾರದ ಮೇಲೆ ತೂಕ ನೀಡಲಾಯಿತು. ಅನುಪಾತ 0.7ಕ್ಕೆ ಬಂತು. ಕೊಲ್ಲುವಂತೆ ಕಂಡ ಮದ್ದು ಕಾಯುವ ಮದ್ದಾಯಿತು.

ಈ ವಿಧಾನ ಹಬ್ಬಲು ಅದರ ತರ್ಕಕ್ಕಿಂತಲೂ ಹೆಚ್ಚಾಗಿ ನೆರವಾದದ್ದು ಅದರ ಸರಳ ಅಳವಡಿಕೆ ಎನ್ನಬೇಕು. ಆಗಿನ ಪ್ರೋಗ್ರಾಂಗಳಲ್ಲಿ, ಸಾವಿನ ದರಗಳನ್ನು ಹೋಲಿಸುವ ಕಾಕ್ಸ್ ಮಾದರಿಗೆ ಕಾಲಕಾಲಕ್ಕೆ ಬದಲಾಗುವ ತೂಕಗಳನ್ನು ಕೊಡಲು ಬರುತ್ತಿರಲಿಲ್ಲ. ಅದಕ್ಕೆ ಲೇಖಕರು ಪ್ರತಿ ರೋಗಿಯ ಪ್ರತಿ ತಿಂಗಳನ್ನೂ ಒಂದೊಂದು ಸಾಲಾಗಿ ಬರೆದು ಲಾಜಿಸ್ಟಿಕ್ ರಿಗ್ರೆಶನ್‌ಗೆ ಒಪ್ಪಿಸಿದರು. ನಾರ್ತ್ ಕೆರೊಲಿನಾದಲ್ಲಿ ಕೃಷಿ ಅಂಕಿಅಂಶಗಳಿಗೆಂದು ಹುಟ್ಟಿದ 'ಸ್ಯಾಸ್' ತಂತ್ರಾಂಶವೇ ಇದಕ್ಕೆ ಸಾಕಾಯಿತು.

ಜಿ-ಸೂತ್ರಕ್ಕೂ ಹಾರ್ವರ್ಡ್ ತಂಡ ಸ್ಯಾಸ್ ಮ್ಯಾಕ್ರೋ ಬರೆಯಿತು. 1976ರಿಂದ ಅಮೆರಿಕದ ದಾದಿಯರನ್ನು ಹಿಂಬಾಲಿಸುತ್ತ ಬಂದ ಅಧ್ಯಯನದ ದತ್ತಾಂಶಕ್ಕೆ ಅದೇ ಸೂತ್ರವನ್ನು ಅನ್ವಯಿಸಿ, ಧೂಮಪಾನ ಬಿಟ್ಟು ವ್ಯಾಯಾಮ ಮಾಡಿದ್ದರೆ ಹೃದ್ರೋಗ ಎಷ್ಟು ಇಳಿಯುತ್ತಿತ್ತು ಎಂಬಂಥ ಅಂದಾಜುಗಳು 2009ರಲ್ಲಿ ಬಂದವು. 2011ರಲ್ಲಿ ಸ್ಟಾಟಾ ಎಂಬ ಅಂಕಿಅಂಶ ತಂತ್ರಾಂಶಕ್ಕೆ ಜಿ-ಸೂತ್ರದ ಆದೇಶವೂ ಉಚಿತ ತಂತ್ರಾಂಶ 'ಆರ್'ಗೆ ತೂಕ ಹಾಕುವ ಪ್ಯಾಕೇಜೂ ದೊರೆತವು.

2018ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಹೊರತಂದ ಪೈಥಾನ್ ಗ್ರಂಥಾಲಯ 'ಡೂವೈ'ನ ರಚನಾಕಾರರಲ್ಲಿ ಒಬ್ಬರಾದ ಅಮಿತ್ ಶರ್ಮಾ ಆ ಸಂಸ್ಥೆಯ ಬೆಂಗಳೂರು ಪ್ರಯೋಗಾಲಯದವರು. ಡೂವೈ ವೈದ್ಯಕೀಯ ಅಧ್ಯಯನಗಳಿಗಷ್ಟೇ ಮೀಸಲಲ್ಲ. ಮೊದಲು ಕಾರಣಗಳ ನಕ್ಷೆ ಬರೆದು, ಅಂದಾಜಿಸಲು ಸಾಧ್ಯವೇ ಎಂದು ಪರೀಕ್ಷಿಸಿ, ಬಳಿಕವೇ ಲೆಕ್ಕ ಹಾಕುವುದು ಅದರ ಕ್ರಮ. ಕೊನೆಯ ಹಂತದಲ್ಲಿ ಅದು ಬಂದ ಉತ್ತರವನ್ನು ಕೆಡವಲು ಯತ್ನಿಸುತ್ತದೆ: ದಾಖಲೆಯಲ್ಲಿಲ್ಲದ ಕಾರಣವೊಂದನ್ನು ಕಲ್ಪಿಸಿ ಸೇರಿಸಿದರೆ ಅಂದಾಜು ಎಷ್ಟು ಕದಲುತ್ತದೆ ಎಂದು ನೋಡುತ್ತದೆ. ಅಂಥ ಕಾರಣ ವಾಸ್ತವದಲ್ಲಿ ಇದೆಯೇ ಎಂಬುದನ್ನು ನಿರ್ಧರಿಸುವ ಹೊಣೆ ಮಾತ್ರ ಸಂಶೋಧಕರಿಗೇ ಉಳಿದಿದೆ.